ತೀರ್ಪನ್ನೂ ಲೆಕ್ಕ ಹಾಕಬಹುದೇ? ಎಐ ಬಗ್ಗೆ ಓಡಾಡುವ ಫಾರ್ವರ್ಡ್‌ನಲ್ಲಿರುವ ಲೈಬ್ನಿಜ್ ನಿಜವಾಗಿ ಯಾರು

ಕಳೆದ ಯುಗಾದಿಗೆ ಊರಿಗೆ ಹೋಗಿದ್ದಾಗ ಚಿಕ್ಕಪ್ಪ ತಮ್ಮ ಫೋನ್ ತೋರಿಸಿದರು. ಅವರು ಒಂದು ಸೈಟು ಕೊಳ್ಳುವ ಮಾತುಕತೆಯಲ್ಲಿದ್ದರು. ಕ್ರಯದ ಕರಾರಿನ ಹಾಳೆಗಳ ಫೋಟೊ ತೆಗೆದು ಒಂದು ಎಐ ಆ್ಯಪ್‌ಗೆ ಹಾಕಿ, ಇದಕ್ಕೆ ಸಹಿ ಮಾಡಬಹುದೇ ಎಂದು ಕೇಳಿದ್ದರು. ಆ್ಯಪ್ ಅಚ್ಚುಕಟ್ಟಾದ ಕನ್ನಡದಲ್ಲಿ ಸಾರಾಂಶ ಬರೆದು, ದೊಡ್ಡ ತೊಂದರೆಯೇನೂ ಕಾಣುತ್ತಿಲ್ಲ ಎಂದಿತ್ತು. ನಾನು ಸುಮ್ಮನೆ ಫೋಟೊ ಎಣಿಸಿದೆ, ಐದಿದ್ದವು. ಕರಾರಿನಲ್ಲಿದ್ದದ್ದು ಆರು ಪುಟ. ತಪ್ಪಿಹೋಗಿದ್ದ ನಾಲ್ಕನೇ ಪುಟದಲ್ಲೇ, ಮುಂಗಡ ಯಾವ ಕಾರಣಕ್ಕೂ ವಾಪಸ್ ಬರುವುದಿಲ್ಲ ಎಂಬ ಷರತ್ತು ಇತ್ತು.

ಅದೇ ದಿನ ನಮ್ಮ ಕುಟುಂಬದ ಗ್ರೂಪ್‌ಗೆ ಒಂದು ಫಾರ್ವರ್ಡ್ ಬಂತು. ಗುಂಗುರು ವಿಗ್ ಹಾಕಿಕೊಂಡ ಒಬ್ಬ ಯುರೋಪಿಯನ್ನನ ಚಿತ್ರ. 350 ವರ್ಷಗಳ ಹಿಂದೆಯೇ ಈ ಜರ್ಮನ್ ವಿಜ್ಞಾನಿ ಮುಂದೊಂದು ದಿನ ಜಡ್ಜು, ಲಾಯರ್ ಯಾರೂ ಬೇಕಾಗುವುದಿಲ್ಲ, ಯಂತ್ರವೇ ತೀರ್ಪು ಕೊಡುತ್ತದೆ ಎಂದು ಭವಿಷ್ಯ ಹೇಳಿದ್ದನಂತೆ, ಈಗ ಎಐ ಅದನ್ನು ನಿಜ ಮಾಡುತ್ತಿದೆಯಂತೆ. ಈ ಥರದ ಮೆಸೇಜ್ ನಿಮಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜ ಇದೆ. ಅರ್ಧ ನಿಜ ಇರುವ ಫಾರ್ವರ್ಡ್‌ಗಳೇ ಹೆಚ್ಚು ಓಡುವುದು, ಹಾಗಾಗಿ ಉಳಿದರ್ಧವನ್ನು ಇಲ್ಲಿ ಹೇಳುತ್ತೇನೆ.

ಚಿತ್ರದಲ್ಲಿರುವವನು ಗಾಟ್‌ಫ್ರೀಡ್ ವಿಲ್ಹೆಲ್ಮ್ ಲೈಬ್ನಿಜ್. ಪಿಯುಸಿಯಲ್ಲಿ ಕಲನಶಾಸ್ತ್ರ ಓದಿದವರಿಗೆ ಹೆಸರು ಗೊತ್ತಿರುತ್ತದೆ. ನ್ಯೂಟನ್‌ನಂತೆಯೇ, ಅವನಿಗಿಂತ ಬೇರೆ ದಾರಿಯಲ್ಲಿ ಕಲನಶಾಸ್ತ್ರವನ್ನು ಕಂಡುಕೊಂಡವನು ಇವನು. ನಾವು ಇಂದಿಗೂ ಬರೆಯುವ ಉದ್ದನೆಯ 'ಎಸ್' ಆಕಾರದ ಸಮಾಕಲನ ಚಿಹ್ನೆ ಇವನದೇ. ಆದರೆ ಅವನು ಓದಿದ್ದು ಗಣಿತವಲ್ಲ, ಕಾನೂನು. ಜೀವನವಿಡೀ ಸಂಬಳ ಪಡೆದದ್ದೂ ಬಹುಮಟ್ಟಿಗೆ ಕಾನೂನು, ದಾಖಲೆ, ಗ್ರಂಥಾಲಯದ ಕೆಲಸಕ್ಕೆ.

ವಕೀಲನಾಗಲು ಹೊರಟ ಹುಡುಗ

ಲೈಬ್ನಿಜ್ ಹುಟ್ಟಿದ್ದು 1646ರಲ್ಲಿ, ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ. ಅಪ್ಪ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕ, ಅಮ್ಮ ಕಾನೂನು ಪ್ರಾಧ್ಯಾಪಕರೊಬ್ಬರ ಮಗಳು. ಹುಡುಗನಿಗೆ ಆರು ವರ್ಷವಾದಾಗ ಅಪ್ಪ ತೀರಿಕೊಂಡರು. ಉಳಿದದ್ದು ಅವರ ಪುಸ್ತಕಗಳ ಕೋಣೆ. ಅಲ್ಲಿ ಕುಳಿತು ಹುಡುಗ ಲ್ಯಾಟಿನ್ ಭಾಷೆಯನ್ನು ಬಹುಪಾಲು ತಾನೇ ಕಲಿತ. 1661ರಲ್ಲಿ, ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಬರೆಯುವ ವಯಸ್ಸಿಗೆ, ವಿಶ್ವವಿದ್ಯಾಲಯ ಸೇರಿದ.

1665ರಲ್ಲಿ, ಇನ್ನೂ 20 ತುಂಬದ ಈ ವಿದ್ಯಾರ್ಥಿ ಕಾನೂನಿನ ಷರತ್ತುಗಳ ಬಗ್ಗೆ ಒಂದು ಪ್ರಬಂಧ ಬರೆದ. ಹಡಗು ಬಂದರಿಗೆ ಬಂದರೆ ನಿನಗೆ ಇಷ್ಟು ಹಣ ಕೊಡುತ್ತೇನೆ ಎಂದು ಒಬ್ಬ ಬರೆದುಕೊಟ್ಟಿದ್ದಾನೆ ಎಂದುಕೊಳ್ಳಿ. ಹಡಗು ಇನ್ನೂ ಬಂದಿಲ್ಲ. ಈಗ ನಿಮಗೆ ಆ ಹಣದ ಮೇಲೆ ಹಕ್ಕು ಇದೆಯೋ ಇಲ್ಲವೋ? ಇದೆ ಎನ್ನುವ ಹಾಗಿಲ್ಲ, ಇಲ್ಲ ಎನ್ನುವ ಹಾಗೂ ಇಲ್ಲ. ಲೈಬ್ನಿಜ್ ಇದಕ್ಕೆ ಸಂಖ್ಯೆ ಕೊಟ್ಟ. ಹಕ್ಕೇ ಇಲ್ಲದಿದ್ದರೆ 0, ಪೂರ್ಣ ಹಕ್ಕಿದ್ದರೆ 1, ಷರತ್ತಿನ ಮೇಲೆ ನಿಂತ ಹಕ್ಕು ಇವೆರಡರ ನಡುವಿನ ಭಿನ್ನರಾಶಿ.

ಈ ಪುಟ್ಟ ಯೋಚನೆಯನ್ನು ನೆನಪಿಟ್ಟುಕೊಳ್ಳಿ. ಇಂದು ಕಾನೂನು ದಾಖಲೆಗಳನ್ನು ಪರಿಶೀಲಿಸುವ ಅನೇಕ ಸಾಫ್ಟ್‌ವೇರ್‌ಗಳು ಮಾಡುವುದೂ ಇದನ್ನೇ. ಪ್ರತಿ ಕಾಗದಕ್ಕೂ ಈ ಕೇಸಿಗೆ ಎಷ್ಟು ಸಂಬಂಧಪಟ್ಟದ್ದು ಎಂದು 0ಯಿಂದ 1ರ ನಡುವೆ ಅಂಕ ಹಾಕುತ್ತವೆ. 0 ಮತ್ತು 1ರ ಹತ್ತಿರ ಇರುವ ಕಾಗದಗಳಿಂದ ಯಾರಿಗೂ ಅಷ್ಟು ತಲೆನೋವಿಲ್ಲ. ನಡುವೆ ಸಿಕ್ಕಿಕೊಂಡವುಗಳೇ ಕಷ್ಟ.

ನಡುವೆ ಸಿಕ್ಕಿಕೊಂಡ ಕೇಸುಗಳ ಬಗ್ಗೆಯೇ ಲೈಬ್ನಿಜ್ ಡಾಕ್ಟರೇಟ್ ಪ್ರಬಂಧ ಬರೆದದ್ದು. ಲೈಪ್‌ಜಿಗ್‌ನಲ್ಲಿ ಅವನಿಗೆ ಪದವಿ ಸಿಗಲಿಲ್ಲ, ವಯಸ್ಸಿನಲ್ಲಿ ಹಿರಿಯರಾದವರು ಸಾಲಿನಲ್ಲಿ ಮುಂದಿದ್ದರು. ಕಾಯುವ ವ್ಯವಧಾನವಿಲ್ಲದ ಹುಡುಗ ಊರು ಬಿಟ್ಟು ಆಲ್ಟ್‌ಡಾರ್ಫ್ ಎಂಬಲ್ಲಿನ ವಿಶ್ವವಿದ್ಯಾಲಯಕ್ಕೆ ಹೋಗಿ, 1666ರಲ್ಲಿ ಪ್ರಬಂಧ ಮಂಡಿಸಿ ಡಾಕ್ಟರ್ ಆದ. ಅಲ್ಲೇ ಪ್ರಾಧ್ಯಾಪಕನ ಕೆಲಸ ಕೊಡುತ್ತೇವೆಂದರೂ ಬೇಡವೆಂದ.

ಗುರುದಕ್ಷಿಣೆಯ ಕೇಸು

ಆ ಪ್ರಬಂಧದಲ್ಲಿ ಲೈಬ್ನಿಜ್ ಚರ್ಚಿಸಿದ ಒಂದು ಹಳೆಯ ಗ್ರೀಕ್ ಕಥೆ ನನಗೆ ಬಹಳ ಇಷ್ಟ. ಪ್ರೊಟಾಗೊರಸ್ ಎಂಬ ಗುರು ಯುವಾಥ್ಲಸ್ ಎಂಬ ಶಿಷ್ಯನಿಗೆ ವಾದ ಮಾಡುವ ವಿದ್ಯೆ ಕಲಿಸಿದ. ಅರ್ಧ ಫೀಸು ಮೊದಲೇ, ಉಳಿದರ್ಧ ಶಿಷ್ಯ ತನ್ನ ಮೊದಲ ಕೇಸು ಗೆದ್ದ ಮೇಲೆ ಎಂದು ಕರಾರಾಯಿತು. ಕಲಿತು ಮುಗಿಸಿದ ಶಿಷ್ಯ ಕೇಸೇ ಹಿಡಿಯಲಿಲ್ಲ. ಕಾದು ಬೇಸತ್ತ ಗುರು ಅವನ ಮೇಲೇ ದಾವೆ ಹೂಡಿದ.

ಗುರುವಿನ ವಾದ ಸರಳ: ನಾನು ಗೆದ್ದರೆ ತೀರ್ಪಿನ ಪ್ರಕಾರ ನೀನು ಹಣ ಕೊಡಬೇಕು, ನಾನು ಸೋತರೆ ನೀನು ಮೊದಲ ಕೇಸು ಗೆದ್ದಂತಾಯಿತು, ಕರಾರಿನ ಪ್ರಕಾರ ಕೊಡಬೇಕು. ಶಿಷ್ಯ ಅದನ್ನೇ ತಿರುಗಿಸಿದ: ನಾನು ಗೆದ್ದರೆ ತೀರ್ಪಿನ ಪ್ರಕಾರ ಕೊಡಬೇಕಿಲ್ಲ, ಸೋತರೆ ಮೊದಲ ಕೇಸು ಗೆದ್ದಿಲ್ಲವಲ್ಲ, ಕರಾರಿನ ಪ್ರಕಾರ ಕೊಡಬೇಕಿಲ್ಲ.

ಬಿಡಿಸಲಾಗದ ಒಗಟು ಎಂದು ಇದನ್ನು ಶತಮಾನಗಳ ಕಾಲ ಹೇಳಿಕೊಂಡು ಬಂದಿದ್ದರು. ಲೈಬ್ನಿಜ್ ಕರಾರಿನ ಪದಗಳ ಜೊತೆಗೆ ದಿನಾಂಕವನ್ನೂ ನೋಡಿದ. ದಾವೆ ಹೂಡಿದ ದಿನ ಷರತ್ತು ಪೂರೈಸಿಯೇ ಇರಲಿಲ್ಲ, ಆದ್ದರಿಂದ ಗುರು ಅವಸರ ಮಾಡಿದ್ದಾನೆ, ಈ ದಾವೆ ಬಿದ್ದುಹೋಗಬೇಕು. ಅದು ಬಿದ್ದ ಕ್ಷಣ ಶಿಷ್ಯ ಮೊದಲ ಕೇಸು ಗೆದ್ದಂತಾಯಿತು. ಈಗ ಗುರು ಎರಡನೇ ದಾವೆ ಹೂಡಲಿ, ಹಣ ಬರುತ್ತದೆ.

ಇಡೀ ಪ್ರಬಂಧದ ನಿಲುವು ಇದೇ ದಾರಿಯದ್ದು. ಕಾನೂನು ಮೌನವಾಗಿರುವಂತೆ ಕಂಡಾಗ ಚೀಟಿ ಎತ್ತಿ ತೀರ್ಮಾನಿಸುವುದು, ತೀರ್ಪನ್ನೇ ಕೊಡದೆ ಕೈಚೆಲ್ಲುವುದು, ಮನಸ್ಸಿಗೆ ತೋಚಿದ್ದನ್ನು ಹೇಳಿಬಿಡುವುದು, ಈ ಮೂರನ್ನೂ ಅವನು ಒಪ್ಪಲಿಲ್ಲ. ನ್ಯಾಯಾಧೀಶ ಕಾರಣ ಹುಡುಕಲೇಬೇಕು, ಕಾರಣ ಕೊಟ್ಟು ತೀರ್ಮಾನಿಸಲೇಬೇಕು. ಜಡ್ಜು ಬೇಡ ಎಂದವನ ಪ್ರಬಂಧ ಹೀಗಿರುವುದಿಲ್ಲ.

ಹಾಗಾದರೆ ಫಾರ್ವರ್ಡ್‌ನ ಅರ್ಧ ನಿಜ ಎಲ್ಲಿಂದ ಬಂತು? ಅದೇ 1666ರಲ್ಲಿ ಅವನು ಇನ್ನೊಂದು ಪುಸ್ತಕ ಪ್ರಕಟಿಸಿದ. ಅಕ್ಷರಗಳು ಸೇರಿ ಪದಗಳಾಗುವಂತೆ, ಕೆಲವೇ ಸರಳ ಪರಿಕಲ್ಪನೆಗಳು ಸೇರಿ ಎಲ್ಲ ವಿಚಾರಗಳೂ ಆಗುತ್ತವೆ, ಆ ಸರಳ ಪರಿಕಲ್ಪನೆಗಳಿಗೆ ಒಂದೊಂದು ಚಿಹ್ನೆ ಕೊಟ್ಟರೆ ಯೋಚನೆಯನ್ನೂ ಲೆಕ್ಕದಂತೆ ಮಾಡಬಹುದು ಎಂಬುದು ಅದರ ತಿರುಳು. ಮುಂದೆ ಜೀವನವಿಡೀ ಈ ಕನಸನ್ನು ಬಿಡಲಿಲ್ಲ. ಇಬ್ಬರ ನಡುವೆ ಜಗಳ ಬಂದರೆ ಕೂಗಾಡುವ ಬದಲು ಪೆನ್ನು ಹಿಡಿದು ಎದುರುಬದುರು ಕುಳಿತು ಲೆಕ್ಕ ಮಾಡಿ ಮುಗಿಸುವ ದಿನ ಬರಬೇಕು ಎಂದು ಬಯಸಿದ. ಇದು ಅತಿಯಾದ ಭರವಸೆ ಎಂದೇ ನನ್ನ ಅಭಿಪ್ರಾಯ, ಆ ಚಿಹ್ನೆಗಳ ಭಾಷೆಯನ್ನು ಅವನಿಗೂ ಪೂರ್ತಿ ಮಾಡಲಾಗಲಿಲ್ಲ. ಆದರೆ ಆ ಕನಸಿನಲ್ಲೂ ಪೆನ್ನು ಇರುವುದು ಮನುಷ್ಯರ ಕೈಯಲ್ಲಿ. ತಮ್ಮ ಲೆಕ್ಕ ಎಲ್ಲಿ ತಪ್ಪಿತು ಎಂದು ಇಬ್ಬರೂ ಕಣ್ಣಾರೆ ನೋಡಬಹುದು. ತೀರ್ಪು ಉಗುಳುವ ಮುಚ್ಚಿದ ಪೆಟ್ಟಿಗೆ ಅಲ್ಲಿಲ್ಲ.

ಯಂತ್ರದ ಮೇಲೆ ಎದ್ದು ನಿಲ್ಲುವ ಮೂಲೆ

1667ರಲ್ಲಿ ಕಾನೂನು ಕಲಿಸುವ ಹೊಸ ವಿಧಾನದ ಬಗ್ಗೆ ಪುಸ್ತಕ ಬರೆದು ಮೈನ್ಜ್‌ನ ದೊರೆಗೆ ಅರ್ಪಿಸಿದ, ಅದರಿಂದ ಅಲ್ಲಿ ಕೆಲಸ ಸಿಕ್ಕಿತು. ಜರ್ಮನ್ ಸಂಸ್ಥಾನಗಳಲ್ಲಿ ಆಗ ಜಾರಿಯಲ್ಲಿದ್ದದ್ದು 6ನೇ ಶತಮಾನದ ರೋಮನ್ ಕಾನೂನು, ಅದರ ಮೇಲೆ ಊರೂರಿನ ಪದ್ಧತಿ, ಅದರ ಮೇಲೆ ದೊರೆಗಳ ಆಜ್ಞೆ. ಸಾಮ್ರಾಜ್ಯದ ಉನ್ನತ ನ್ಯಾಯಾಲಯದಲ್ಲಿ ಕೇಸುಗಳು ದಶಕಗಟ್ಟಲೆ ಕೊಳೆಯುತ್ತಿದ್ದವು. ಅಜ್ಜ ಹಾಕಿದ ಕೇಸಿಗೆ ಮೊಮ್ಮಗ ಓಡಾಡುವುದು ನಮ್ಮೂರಿನದ್ದಷ್ಟೇ ಅಲ್ಲ! ಈ ರಾಶಿಯನ್ನು ಸೋಸಿ ಒಪ್ಪವಾಗಿ ಜೋಡಿಸುವುದು ಲೈಬ್ನಿಜ್‌ಗೆ ಮತ್ತು ಅವನ ಹಿರಿಯ ಸಹೋದ್ಯೋಗಿಗೆ ಒಪ್ಪಿಸಿದ ಕೆಲಸ. ಕಾನೂನಿನ ಮೂಲ ನಿಯಮಗಳನ್ನೆಲ್ಲ ಗೋಡೆಯ ಭೂಪಟದಂಥ ಒಂದೇ ಹಾಳೆಯಲ್ಲಿ ತರುವ ಯೋಜನೆಯೂ ಅವನಿಗಿತ್ತು. ಕೆಲಸ ಪೂರ್ತಿಯಾಗಲಿಲ್ಲ. 1672ರಲ್ಲಿ ರಾಜತಾಂತ್ರಿಕ ಕೆಲಸದ ಮೇಲೆ ಪ್ಯಾರಿಸ್‌ಗೆ ಹೋದ.

ಆ ಹೊತ್ತಿಗೆ ಅವನ ತಲೆಯಲ್ಲಿ ಒಂದು ಲೆಕ್ಕದ ಯಂತ್ರ ಇತ್ತು. ಫ್ರಾನ್ಸಿನ ಪ್ಯಾಸ್ಕಲ್ ಮೊದಲೇ ಕೂಡುವ ಕಳೆಯುವ ಯಂತ್ರ ಮಾಡಿದ್ದ. ಲೈಬ್ನಿಜ್‌ಗೆ ಗುಣಾಕಾರ, ಭಾಗಾಕಾರವೂ ಬೇಕಿತ್ತು. ಒಳ್ಳೆಯ ತಲೆಗಳು ಗುಮಾಸ್ತನ ಲೆಕ್ಕದಲ್ಲಿ ಸವೆದುಹೋಗಬಾರದು, ಅದನ್ನು ಯಂತ್ರಕ್ಕೆ ಬಿಡಬೇಕು ಎಂಬುದು ಅವನ ಹಟ. ಮೆಟ್ಟಿಲು ಮೆಟ್ಟಿಲಾಗಿ ಉದ್ದವಾಗುವ ಒಂಬತ್ತು ಹಲ್ಲುಗಳ ಒಂದು ಉರುಳೆಯನ್ನು ಅದಕ್ಕಾಗಿ ರೂಪಿಸಿದ. ಇದೇ ತಂತ್ರ ಮುಂದೆ 20ನೇ ಶತಮಾನದವರೆಗೂ ಯಾಂತ್ರಿಕ ಕ್ಯಾಲ್ಕುಲೇಟರ್‌ಗಳಲ್ಲಿ ಉಳಿಯಿತು. 1673ರ ಆರಂಭದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಮರದ ಮಾದರಿ ತೋರಿಸಿದ. ಅದಿನ್ನೂ ಅಪೂರ್ಣವಾಗಿತ್ತು, ರಾಬರ್ಟ್ ಹುಕ್ ಅದನ್ನು ಕಟುವಾಗಿ ಟೀಕಿಸಿದ. ಆದರೂ ಕೆಲವೇ ತಿಂಗಳಲ್ಲಿ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಸೇರಿಸಿಕೊಂಡಿತು.

ಯಂತ್ರ ಎಡವಿದ್ದು ಬಹಳ ಸಣ್ಣ ಜಾಗದಲ್ಲಿ. ಕೂಡುವಾಗ ಕೈಯಲ್ಲಿ ಒಂದು ಎಂದು ಮುಂದಿನ ಸ್ಥಾನಕ್ಕೆ ದಾಟಿಸುತ್ತೇವಲ್ಲ, ಅಲ್ಲಿ. ಒಂದು ಸ್ಥಾನದಿಂದ ಪಕ್ಕದ ಸ್ಥಾನಕ್ಕೆ ದಾಟಿಸುವುದನ್ನು ಯಂತ್ರ ಮಾಡುತ್ತಿತ್ತು. ಆದರೆ 999ಕ್ಕೆ 1 ಕೂಡಿದಾಗ ಆಗುವಂತೆ ದಾಟುವಿಕೆ ಸಾಲಾಗಿ ಮುಂದುವರಿಯಬೇಕಾದರೆ ಹಿಡಿಕೆಯ ಒಂದೇ ಸುತ್ತಿನಲ್ಲಿ ಆಗುತ್ತಿರಲಿಲ್ಲ. ಅದಕ್ಕಾಗಿ ಪ್ರತಿ ಸ್ಥಾನಕ್ಕೂ ಐದು ಮೂಲೆಯ ಒಂದು ತಟ್ಟೆ ಇತ್ತು. ದಾಟಬೇಕಾದದ್ದು ಬಾಕಿ ಉಳಿದಿದ್ದರೆ ತಟ್ಟೆಯ ಮೂಲೆ ಯಂತ್ರದ ಮೇಲ್ಭಾಗದಿಂದ ಎದ್ದು ಕಾಣುತ್ತಿತ್ತು. ಯಂತ್ರ ನಡೆಸುವವರು ಅದನ್ನು ನೋಡಿ ಬೆರಳಿನಿಂದ ತಳ್ಳಬೇಕು. ನೋಡದೆ ಹಿಡಿಕೆ ತಿರುಗಿಸುತ್ತಾ ಹೋದರೆ ಉತ್ತರ ತಪ್ಪು.

ಇಂದಿನ ಎಐ ಆ್ಯಪ್‌ಗಳಲ್ಲಿ ನನಗೆ ಕೊರತೆ ಕಾಣುವುದು ಈ ಮೂಲೆಯದ್ದೇ. ಚಿಕ್ಕಪ್ಪನ ಫೋನಿನಲ್ಲಿ ಐದು ಪುಟದ ಸಾರಾಂಶ ಬಂದಾಗ ಆರನೆಯದು ಬಾಕಿ ಇದೆ ಎಂದು ಏನೂ ಎದ್ದು ನಿಲ್ಲಲಿಲ್ಲ.

ಓದುವ ಕಣ್ಣು ದಣಿದಾಗ

ಇಷ್ಟು ಓದಿ, ಹಾಗಾದರೆ ಮನುಷ್ಯರೇ ಎಲ್ಲ ಓದಲಿ ಬಿಡಿ ಎಂದುಕೊಳ್ಳಬೇಡಿ. ಲೈಬ್ನಿಜ್ ಬದುಕಿಗೆ ಮರಳುವ ಮುನ್ನ ನಮ್ಮ ಕಾಲದ ಒಂದು ಪ್ರಯೋಗ ಹೇಳಬೇಕು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಮೆಟ್ರೊ ರೈಲು ವ್ಯವಸ್ಥೆಯಲ್ಲಿ ಆದ ಒಂದು ಅಪಘಾತದ ಕೇಸಿನಲ್ಲಿ ಸುಮಾರು 40,000 ದಾಖಲೆಗಳಿದ್ದವು. ವಕೀಲರು ಕಂಪ್ಯೂಟರಿನಲ್ಲಿ ಪದ ಕೊಟ್ಟು ಹುಡುಕಿಸಿ, ಬೇಕಾದವುಗಳಲ್ಲಿ ಮುಕ್ಕಾಲು ಪಾಲು ಸಿಕ್ಕಿವೆ ಎಂದು ನಂಬಿದ್ದರು. ಡೇವಿಡ್ ಬ್ಲೇರ್ ಮತ್ತು ಎಂ. ಇ. ಮಾರನ್ ಎಂಬ ಸಂಶೋಧಕರು ಲೆಕ್ಕ ಹಾಕಿದಾಗ ಸಿಕ್ಕಿದ್ದದ್ದು ಸುಮಾರು ಶೇ. 20 ಮಾತ್ರ. 1985ರಲ್ಲಿ ಇದು ಪ್ರಕಟವಾಯಿತು. ಕಾರಣ ಭಾಷೆಯದ್ದು. ಒಂದು ಕಡೆಯವರು ಅಪಘಾತ ಎಂದು ಬರೆದದ್ದನ್ನು ಇನ್ನೊಂದು ಕಡೆಯವರು ಘಟನೆ, ಸಮಸ್ಯೆ, ಪರಿಸ್ಥಿತಿ ಎಂದೆಲ್ಲ ಬರೆದಿದ್ದರು.

ಎಂಎ ಓದುವಾಗ ನಾನೂ ಪತ್ರಿಕಾ ವರದಿಗಳನ್ನು ಒಂದೊಂದಾಗಿ ಓದಿ ವರ್ಗ ಹಾಕುವ ಕೆಲಸ ಮಾಡಿದ್ದೆ. ಬೆಳಿಗ್ಗೆ ಒಂದು ವರ್ಗಕ್ಕೆ ಹಾಕಿದ ವರದಿಯನ್ನು, ಮೊದಲೇ ಓದಿದ್ದೇನೆಂದು ತಿಳಿಯದೆ, ಸಂಜೆ ಬೇರೆ ವರ್ಗಕ್ಕೆ ಹಾಕಿದ್ದೆ. ಗೆಳತಿಯೊಬ್ಬಳು ಅದೇ ವರದಿಗಳನ್ನು ಬೇರೆಯಾಗಿ ಓದಿ ತಾಳೆ ನೋಡಿದಾಗಷ್ಟೇ ಅದು ಬೆಳಕಿಗೆ ಬಂತು. ದಣಿದ ಕಣ್ಣು ತನ್ನ ತಪ್ಪನ್ನು ತಾನು ಕಾಣುವುದಿಲ್ಲ.

ದೊಡ್ಡ ಕೇಸುಗಳಲ್ಲಿ ಈಗ ನಡೆಯುವ ಪದ್ಧತಿ ಹೀಗಿದೆ. ಕೇಸು ಚೆನ್ನಾಗಿ ಗೊತ್ತಿರುವ ವಕೀಲರು ಮೊದಲು ಒಂದಷ್ಟು ದಾಖಲೆ ಓದಿ ಬೇಕು, ಬೇಡ ಎಂದು ಗುರುತು ಹಾಕುತ್ತಾರೆ. ಯಂತ್ರ ಅದರಿಂದ ಕಲಿತು ಉಳಿದ ಲಕ್ಷಾಂತರ ದಾಖಲೆಗಳಿಗೆ ಅಂಕ ಹಾಕುತ್ತದೆ. ವಕೀಲರು ಮತ್ತೆ ನೋಡಿ ತಿದ್ದುತ್ತಾರೆ, ಯಂತ್ರ ಮತ್ತೆ ಕಲಿಯುತ್ತದೆ. ಕೊನೆಯಲ್ಲಿ ಒಂದು ಮುಖ್ಯ ಹೆಜ್ಜೆ ಇದೆ. ಯಂತ್ರ ಬೇಡವೆಂದು ಬದಿಗಿಟ್ಟ ರಾಶಿಯಿಂದಲೇ ಕಣ್ಣುಮುಚ್ಚಿ ಕೆಲವನ್ನು ಎತ್ತಿ ಮನುಷ್ಯರು ಓದುತ್ತಾರೆ, ಅದರಲ್ಲಿ ಬೇಕಾದದ್ದು ಎಷ್ಟು ತಪ್ಪಿಹೋಗಿದೆ ಎಂದು ಅಳೆಯಲು. 2012ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು, ಸುಮಾರು 30 ಲಕ್ಷ ಇಮೇಲ್‌ಗಳಿದ್ದ ಒಂದು ಕೇಸಿನಲ್ಲಿ ಯಂತ್ರದ ನೆರವಿನ ಪರಿಶೀಲನೆಗೆ ಒಪ್ಪಿಗೆ ಕೊಟ್ಟಿತು.

ಗೋರಿಯವರೆಗೆ ಹೋದ ಸಂಶೋಧಕ

ಲೈಬ್ನಿಜ್ 1676ರಲ್ಲಿ ಹ್ಯಾನೊವರ್‌ಗೆ ಬಂದ, ಉಳಿದ 40 ವರ್ಷ ಅದೇ ರಾಜಮನೆತನದ ಸೇವೆಯಲ್ಲಿದ್ದ. ಗ್ರಂಥಪಾಲಕ, ಸಲಹೆಗಾರ, ಗಣಿಗಳಿಗೆ ಗಾಳಿಯಂತ್ರ ಕೂಡಿಸಲು ಹೋಗಿ ಸೋತ ಎಂಜಿನಿಯರ್, 1696ರಿಂದ ನ್ಯಾಯಾಂಗದ ಉನ್ನತ ಸಲಹೆಗಾರ. ಇದರ ನಡುವೆಯೇ ಕಲನಶಾಸ್ತ್ರ ಪ್ರಕಟಿಸಿದ, 0 ಮತ್ತು 1 ಮಾತ್ರ ಬಳಸುವ ದ್ವಿಮಾನ ಪದ್ಧತಿಯ ಬಗ್ಗೆ ಬರೆದ.

1685ರಲ್ಲಿ ಅವನಿಗೆ ರಾಜಮನೆತನದ ಇತಿಹಾಸ ಬರೆಯುವ ಕೆಲಸ ಬಿತ್ತು. ಮೂಲಪುರುಷರು ಇಟಲಿಯ ಎಸ್ಟೆ ಎಂಬ ಹಳೆಯ ಮನೆತನದವರು ಎಂಬ ಮಾತಿತ್ತು. ಇನ್ನೂ ಮುಂದೆ ಹೋಗಿ ಪ್ರಾಚೀನ ರೋಮ್‌ವರೆಗೆ ವಂಶವೃಕ್ಷ ಎಳೆದುಕೊಡುವ ವಂಶಾವಳಿಕಾರರೂ ಇದ್ದರು. ದೊರೆಗೆ ಖುಷಿ ಕೊಡುವ ಆ ಕಥೆಯನ್ನು ಲೈಬ್ನಿಜ್ ಆಧಾರವಿಲ್ಲವೆಂದು ತಳ್ಳಿಹಾಕಿದ. ಎಸ್ಟೆ ಸಂಬಂಧವನ್ನೂ ಸುಮ್ಮನೆ ನಂಬಲಿಲ್ಲ. 1687ರಲ್ಲಿ ಹೊರಟು ಸುಮಾರು ಎರಡೂವರೆ ವರ್ಷ ಮ್ಯೂನಿಕ್, ವಿಯೆನ್ನಾ, ಇಟಲಿ ಎಂದು ದಾಖಲೆಕೋಣೆಗಳನ್ನು ಸುತ್ತಿದ. ಆಗ್ಸ್‌ಬರ್ಗ್‌ನ ಮಠವೊಂದರ ಹಸ್ತಪ್ರತಿಯಲ್ಲಿ ಸುಳಿವು ಸಿಕ್ಕಿತು. ಮೊಡೆನಾದ ಅರಮನೆಯ ಕಡತಗಳಲ್ಲಿ ಅದನ್ನು ತಾಳೆ ನೋಡಿದ. ಅಷ್ಟಕ್ಕೇ ನಿಲ್ಲದೆ, 1690ರಲ್ಲಿ ವಾಂಗಾಡಿಜ್ಜಾ ಎಂಬಲ್ಲಿನ ಮಠಕ್ಕೆ ಹೋಗಿ, 11ನೇ ಶತಮಾನದ ಆ ಪೂರ್ವಜರ ಗೋರಿಯ ಬರಹವನ್ನು ಹುಡುಕಿ ಓದಿದ. ಎರಡು ಮನೆತನಗಳನ್ನು ಸೇರಿಸಿದ ಮದುವೆಗೆ ಕಲ್ಲಿನ ಸಾಕ್ಷಿ ಸಿಕ್ಕಿತು.

ಹೀಗೆ ಕೂಡಿಸಿದ ಹಳೆಯ ಒಪ್ಪಂದ, ಸನದುಗಳ ಒಂದು ದೊಡ್ಡ ಸಂಗ್ರಹವನ್ನೂ 1693ರಲ್ಲಿ ಪ್ರಕಟಿಸಿದ. ಸಾಕ್ಷಿಗಳಿಗೂ ಮಟ್ಟಗಳಿವೆ, ಪೂರ್ಣ ಸಾಕ್ಷಿ, ಅರ್ಧ ಸಾಕ್ಷಿ, ಬರಿಯ ಊಹೆ ಎಂದು ನ್ಯಾಯಾಲಯಗಳು ತೂಗುವ ರೀತಿಯಿಂದ ತರ್ಕಶಾಸ್ತ್ರ ಕಲಿಯಬೇಕಾದದ್ದಿದೆ ಎಂದು ಮುಂದೆ ಬರೆದ.

ಗೋರಿಯವರೆಗೆ ಹೋಗಿ ನೋಡುವ ಈ ಅಭ್ಯಾಸ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಗಳು ಈಗ ಬೇಕಾದಷ್ಟಿವೆ. 2023ರಲ್ಲಿ ನ್ಯೂಯಾರ್ಕಿನಲ್ಲಿ ವಿಮಾನ ಸಂಸ್ಥೆಯೊಂದರ ವಿರುದ್ಧದ ಕೇಸಿನಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಹಾಗೆಯೇ ಸಲ್ಲಿಸಿದರು. ಆ ತೀರ್ಪುಗಳು ಇರಲೇ ಇಲ್ಲ. 5,000 ಡಾಲರ್ ದಂಡ ಬಿತ್ತು. ನಮ್ಮ ಬೆಂಗಳೂರಿನಲ್ಲೇ, 2024ರ ಕೊನೆಯಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಆದೇಶವೊಂದರಲ್ಲಿ ಇಲ್ಲದ ತೀರ್ಪುಗಳು ಉಲ್ಲೇಖವಾಗಿದ್ದು, ಕೆಲವೇ ದಿನಗಳಲ್ಲಿ ಆ ಆದೇಶವನ್ನು ಹಿಂತೆಗೆದುಕೊಳ್ಳಬೇಕಾಯಿತು. ತೆರಿಗೆಯಾಗಲಿ, ಸೈಟಾಗಲಿ, ಸೋಲುವವರು ಆ ಕಾಗದದ ಮೇಲೆ ಹೆಸರಿರುವ ಜನ.

ಕತ್ತರಿಸಿದ ಕಾಗದಗಳು

ಕೊನೆಯ ವರ್ಷಗಳು ಸುಖದ್ದಾಗಿರಲಿಲ್ಲ. ಕಲನಶಾಸ್ತ್ರ ಯಾರದ್ದು ಎಂಬ ಜಗಳದಲ್ಲಿ ರಾಯಲ್ ಸೊಸೈಟಿ ನ್ಯೂಟನ್ ಪರ ವರದಿ ಕೊಟ್ಟಿತು, ಅದನ್ನು ಬರೆದದ್ದರಲ್ಲಿ ನ್ಯೂಟನ್ನನ ಕೈಯೇ ಇತ್ತು. ತನ್ನ ಕೇಸಿಗೆ ತಾನೇ ಜಡ್ಜು! 1714ರಲ್ಲಿ ಹ್ಯಾನೊವರ್‌ನ ದೊರೆ ಜಾರ್ಜ್ ಇಂಗ್ಲೆಂಡಿನ ರಾಜನಾಗಿ ಲಂಡನ್ನಿಗೆ ಹೋದ. ಲೈಬ್ನಿಜ್ ಮಾತ್ರ ಇತಿಹಾಸ ಮುಗಿಸಬೇಕೆಂಬ ಆಜ್ಞೆಯೊಂದಿಗೆ ಹಿಂದೆ ಉಳಿದ. ಒಂದೊಂದು ಸಂಗತಿಗೂ ಮೂಲ ದಾಖಲೆ ಹುಡುಕುತ್ತಿದ್ದವನ ಇತಿಹಾಸ 1005ನೇ ಇಸವಿವರೆಗೆ ಮಾತ್ರ ಬಂದಿತ್ತು. 1716ರ ನವೆಂಬರ್ 14ರಂದು, 70ನೇ ವಯಸ್ಸಿನಲ್ಲಿ ತೀರಿಕೊಂಡ. ಅರಮನೆಯಿಂದ ಅಂತ್ಯಕ್ರಿಯೆಗೆ ಗಣ್ಯರು ಬರಲಿಲ್ಲ, ಸಮಾಧಿಯ ಮೇಲೆ ದಶಕಗಳ ಕಾಲ ಹೆಸರೂ ಇರಲಿಲ್ಲ. ಅವನ ಲೆಕ್ಕದ ಯಂತ್ರವೂ ಮರೆತುಹೋಗಿ, 1879ರಲ್ಲಿ ಗ್ಯೋಟಿಂಗನ್ ವಿಶ್ವವಿದ್ಯಾಲಯದ ಅಟ್ಟದಲ್ಲಿ ಸಿಕ್ಕಿತು.

ಅವನು ಬಿಟ್ಟುಹೋದದ್ದು ಸುಮಾರು 2 ಲಕ್ಷ ಪುಟಗಳ ಹಸ್ತಪ್ರತಿ. ಅದರಲ್ಲಿ ಸುಮಾರು 1,100 ಜನರೊಂದಿಗೆ ನಡೆಸಿದ 15,000ದಷ್ಟು ಪತ್ರಗಳಿವೆ. ರಾಜ್ಯದ ಗುಟ್ಟು ಹೊರಬಿದ್ದೀತೆಂದು ಅರಮನೆ ಎಲ್ಲವನ್ನೂ ಬೀಗ ಹಾಕಿ ಇಟ್ಟಿತು, ಅದರಿಂದಲೇ ಅವು ಉಳಿದವು. ಅವನ ಬರಹಗಳನ್ನೆಲ್ಲ ಪ್ರಕಟಿಸುವ ಯೋಜನೆಯ ಮೊದಲ ಸಂಪುಟ ಬಂದದ್ದು 1923ರಲ್ಲಿ. ಕೆಲಸ ಇನ್ನೂ ಮುಗಿದಿಲ್ಲ.

ಮುಗಿಯದಿರಲು ಒಂದು ಕಾರಣ ಅವನದೇ ಒಂದು ಅಭ್ಯಾಸ. ವಿಷಯವಾರು ಜೋಡಿಸಲೆಂದು ತಾನು ಬರೆದ ಹಾಳೆಗಳನ್ನೇ ತುಂಡು ತುಂಡಾಗಿ ಕತ್ತರಿಸುತ್ತಿದ್ದ. ಈಗ ಹ್ಯಾನೊವರ್‌ನ ಗ್ರಂಥಾಲಯದಲ್ಲಿರುವ ಆ ಚೂರುಗಳನ್ನು ಸ್ಕ್ಯಾನ್ ಮಾಡಿ, ಪೂರ್ವ ಜರ್ಮನಿಯ ಗುಪ್ತಚರರು ಹರಿದುಹಾಕಿದ್ದ ಕಡತಗಳನ್ನು ಜೋಡಿಸಲು ಹುಟ್ಟಿದ ತಂತ್ರಜ್ಞಾನದಿಂದ ಹೊಂದಿಸುತ್ತಿದ್ದಾರೆ. ಯಾವ ಚೂರಿನ ಅಂಚು ಯಾವುದಕ್ಕೆ ಕೂಡಬಹುದು ಎಂದು ಸಾಫ್ಟ್‌ವೇರ್ ತೋರಿಸುತ್ತದೆ. ಲೈಬ್ನಿಜ್‌ನ ಕೈಬರಹ, ಲ್ಯಾಟಿನ್, ಗಣಿತ ಬಲ್ಲ ಸಂಪಾದಕರು ಎರಡೂ ಚೂರುಗಳನ್ನು ಓದಿ, ವಾಕ್ಯ ಕೂಡುತ್ತದೆಯೇ ಎಂದು ನೋಡಿ, ಹೌದು ಅಥವಾ ಅಲ್ಲ ಎನ್ನುತ್ತಾರೆ.

ಚಿಕ್ಕಪ್ಪ ಆ ಆರೂ ಪುಟಗಳನ್ನು ತಾಲ್ಲೂಕು ಕೋರ್ಟಿನ ವಕೀಲರೊಬ್ಬರಿಗೆ ಕೊಟ್ಟು ಬಂದರು. ಮುಂಗಡದ ಷರತ್ತು ಬದಲಾದ ಮೇಲೆಯೇ ಸಹಿ ಆಯಿತು.